ಸಿ ರಿಪೇರಿಯವನದು, ಡಿ ಮನೆಯವರದು

ಹವಾನಾದ ಸಾನ್ ಲಾಸರೋ ಬೀದಿಯಲ್ಲಿ ಕಂಪ್ಯೂಟರ್ ಕೆಟ್ಟರೆ ಜನ ಎಲಿಯೇಸೆರ್‌ನ ಮನೆಗೇ ಹೊತ್ತು ತರುತ್ತಿದ್ದರು. ಬಹುಪಾಲು ಅವನ ಮದ್ದು ಒಂದೇ: ಅಳಿಸು, ಹೊಸದಾಗಿ ಹಾಕು. ಅದಕ್ಕೆಂದೇ ಬೀದಿಯ ಪ್ರತಿ ಯಂತ್ರದ ಡಿಸ್ಕನ್ನೂ ಅವನು ಎರಡು ಪಾಲು ಮಾಡಿಟ್ಟಿದ್ದ. ಸಿ ರಿಪೇರಿಯವನದು, ಬೇಕೆಂದಾಗ ಅಳಿಸಬಹುದು. ಡಿ ಮನೆಯವರದು, ಅದನ್ನು ಯಾರೂ ಮುಟ್ಟುವಂತಿಲ್ಲ. ಎಂಬತ್ತು ದಾಟಿದ ಮುದುಕಿಯರಿಗೂ ಇದು ಬಾಯಿಪಾಠ. ಆದರೆ ಎಲ್ಲರೂ ಮಾಡುವ ತಪ್ಪೊಂದಿತ್ತು. ಯಂತ್ರ ಹಚ್ಚಿದ ಕೂಡಲೇ ಪರದೆಯ ಮೇಲೆ ಕಾಣುವ ಫೋಲ್ಡರುಗಳೂ ಸಿ-ಗೇ ಸೇರಿದವು ಎಂಬುದು ಯಾರ ತಲೆಗೂ ಹೋಗುತ್ತಿರಲಿಲ್ಲ. ಕಣ್ಣೆದುರಿಗೇ ಇದೆಯಲ್ಲ, ಎಲ್ಲಿಗೆ ಹೋದೀತು ಎಂಬ ಧೈರ್ಯ. ಹಾಗಾಗಿ ಎಲಿಯೇಸೆರ್ ಅಳಿಸುವ ಮುಂಚೆ ಎಲ್ಲರನ್ನೂ ಮೂರು ಸಲ ಕೇಳುತ್ತಿದ್ದ: ಪರದೆ ಮೇಲೆ ಏನಾದ್ರೂ ಇದೆಯಾ? ಬೀದಿಯವರು ಅವನಿಗೆ 'ಮೂರು ಸಲ' ಎಂದೇ ಹೆಸರಿಟ್ಟು ನಗುತ್ತಿದ್ದರು.

ಆ ಶುಕ್ರವಾರ ಎದುರು ಮನೆಯ ನೆರೇದಾ ತರಕಾರಿಯ ತಳ್ಳುಗಾಡಿಯಲ್ಲಿ ಯಂತ್ರವನ್ನಿಟ್ಟುಕೊಂಡು ಬಂದಳು. ಎಪ್ಪತ್ತು ಹತ್ತಿರವಾದ ಹೆಂಗಸು, ಮೊಣಕಾಲು ಊದಿತ್ತು. ಇನ್ನೊಂದು ಕೈಯಲ್ಲಿ ನೀಲಿ ಅಂಚಿನ ಬಿಳಿ ಬಟ್ಟಲು, ಅದರಲ್ಲಿ ಐದು ಮೊಟ್ಟೆ. ಅವಳ ಪಾಲಿಗೆ ಬರುವ ತಿಂಗಳ ರೇಷನ್ನೇ ಅಷ್ಟು.

"ಕರೆಂಟ್ ಹೋಯ್ತು ಕಣಪ್ಪ. ಅದೇನೋ ಹೊಸದು ಇಳಿಸ್ಕೊಳ್ತಿತ್ತು. ಅರವತ್ತೆರಡು ಪರ್ಸೆಂಟಿಗೆ ಬಂದಿತ್ತು, ಅಷ್ಟರಲ್ಲಿ ಢಮಾರ್. ಈಗ ಹಚ್ಚಿದ್ರೆ ಬರೀ ನೀಲಿ, ಮತ್ತೆ ಆರಿಹೋಗುತ್ತೆ."

"ಅಪ್‌ಡೇಟ್ ಮಾಡಿ ಅಂತ ಯಾರು ಹೇಳಿದ್ದು ನಿಮಗೆ, ನೆರೇದಮ್ಮ? ಕರೆಂಟೇ ಗ್ಯಾರಂಟಿ ಇಲ್ಲ ಈ ಊರಲ್ಲಿ."

"ಲಿಯಾನಿಸ್ ಮಾಡಿದ್ದು. ಕಾನ್ಸುಲೇಟಿನ ಅರ್ಜಿ ಹಳೇದ್ರಲ್ಲಿ ತೆರೀತಾನೇ ಇಲ್ವಂತೆ. ಮಂಗಳವಾರ ಅವಳ ಸರದಿ, ಮಗ. ಎರಡು ವರ್ಷ ಕಾದಿದ್ದೀವಿ."

ಲಿಯಾನಿಸ್ ಅವಳ ಮೊಮ್ಮಗಳು. ಇಪ್ಪತ್ತೆರಡರ ಹುಡುಗಿ, ಔಷಧಿ ಅಂಗಡಿಯಲ್ಲಿ ಕೆಲಸ. ಸ್ಪೇನಿನಿಂದ ಹಡಗು ಹತ್ತಿ ಬಂದ ಮುತ್ತಜ್ಜನ ಕಾಗದಗಳಿದ್ದರೆ ಆ ದೇಶದ ಪಾಸ್‌ಪೋರ್ಟ್ ಸಿಗುತ್ತಿತ್ತು. ಕಾಗದಗಳೇನೋ ಇದ್ದವು. ಸಮುದ್ರ ಬೀದಿಗೆ ನುಗ್ಗಿದ ವರ್ಷ ಕಪಾಟಿನ ಸಮೇತ ಗಂಜಿಯಾದವು. ಪುಣ್ಯಕ್ಕೆ ಹುಡುಗಿ ಮುಂಚೆಯೇ ಫೋಟೋ ತೆಗೆದು ಈ ಯಂತ್ರಕ್ಕೆ ಹಾಕಿಟ್ಟಿದ್ದಳು. ತೆಗೆದ ಫೋನೂ ಆಮೇಲೆ ಬಸ್ಸಿನಲ್ಲಿ ಕಳವಾಯಿತು. ಇನ್ನು ಉಳಿದದ್ದೆಂದರೆ ಇದೊಂದೇ. ಬೀದಿಗೆಲ್ಲ ಗೊತ್ತಿದ್ದ ಸಂಗತಿ ಇದು.

"ನಾನೆಲ್ಲಿಗೂ ಹೋಗಲ್ಲ, ಈ ಕಾಲು ಕಟ್ಕೊಂಡು" ಎಂದಳು ನೆರೇದಾ. "ಅವಳೊಬ್ಬಳು ಹೋದ್ರೆ ಸಾಕು. ಇದನ್ನಿಟ್ಕೋ." ಬಟ್ಟಲನ್ನು ಮೇಜಿನ ಮೇಲಿಟ್ಟಳು. ಇನ್ನೇನೋ ಹೇಳಲು ಹೊರಟವಳಂತೆ ನಿಂತಳು, ಹೇಳಲಿಲ್ಲ.

ಎಲಿಯೇಸೆರ್ ಮೊಟ್ಟೆಗಳನ್ನೇ ನೋಡುತ್ತಿದ್ದ. ಈ ಮನೆಗೆ ಈ ಹೆಂಗಸು ಮೊಟ್ಟೆ ತಂದದ್ದು ಇದು ಎರಡನೇ ಸಲ.

ಮೊದಲನೆಯದು ಎಂಬತ್ತನೇ ಇಸವಿಯಲ್ಲಿ. ಆಗ ಅವನಿಗೆ ಒಂಬತ್ತು. ಅವನ ಸೋದರಮಾವ ಮಯಾಮಿಯಿಂದ ದೋಣಿ ತಂದು ಬಂದರಿನಲ್ಲಿ ಕಾಯುತ್ತಿದ್ದ. ಅವನ ಅಮ್ಮ ಓರ್ತೆನ್ಸಿಯಾ ದೇಶ ಬಿಡಲು ಹೆಸರು ಕೊಟ್ಟಿದ್ದಾಳೆಂದು ಗೊತ್ತಾದದ್ದೇ ತಡ, ಇಡೀ ಬೀದಿ ಬಾಗಿಲ ಮುಂದೆ ಸೇರಿತು. ದೇಶ ಬಿಡುವವರೆಲ್ಲ ದ್ರೋಹಿಗಳು ಎನ್ನುತ್ತಿದ್ದ ಕಾಲ ಅದು. ನಿನ್ನೆಯವರೆಗೆ ಸಕ್ಕರೆ ಸಾಲ ಕೇಳುತ್ತಿದ್ದವರೇ "ಹುಳ, ಹುಳ, ಹೊರಗೆ ಬಾ" ಎಂದು ಬೊಬ್ಬೆ ಹೊಡೆದರು. ಮುಂದೆ ನಿಂತು ಕೂಗಿಸುತ್ತಿದ್ದವಳು ನೆರೇದಾ, ಇಪ್ಪತ್ತನಾಲ್ಕರ ಗಟ್ಟಿ ಗಂಟಲಿನವಳು. ಬಾಗಿಲಿಗೆ ಮೊದಲ ಮೊಟ್ಟೆ ಎಸೆದವಳೂ ಅವಳೇ. ಮೂರು ದಿನ ನಡೆಯಿತು ಆ ಜಾತ್ರೆ. ನಾಲ್ಕನೇ ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ಅಮ್ಮ ಮಗನ ಬಾಯಿ ಮುಚ್ಚಿಕೊಂಡು ಮಂಚದ ಕೆಳಗೆ ಅವಿತಳು. ತಟ್ಟಿದವನು ಅವರನ್ನು ದೋಣಿಗೆ ಕರೆದೊಯ್ಯಲು ಬಂದಿದ್ದ. ಸ್ವಲ್ಪ ಹೊತ್ತು ನೋಡಿ ಹೊರಟುಹೋದ. ದೋಣಿ ಕಾಯಲಿಲ್ಲ. ಓರ್ತೆನ್ಸಿಯಾ ಆಮೇಲೆ ಮೂವತ್ತೊಂದು ವರ್ಷ ಅದೇ ಮನೆಯಲ್ಲಿ ಬದುಕಿದಳು, ಯಾರು ಬಾಗಿಲು ತಟ್ಟಿದರೂ ಬೆಚ್ಚುತ್ತಿದ್ದಳು, ಅಲ್ಲೇ ಸತ್ತಳು.

"ನಿಮ್ಮ ಸಾಮಾನೆಲ್ಲ ಎಲ್ಲಿದೆ?" ಎಂದು ಕೇಳಿದ.

"ಡಿ-ಯಲ್ಲಿ" ಎಂದಳು ನೆರೇದಾ, ಪಾಠ ಒಪ್ಪಿಸಿದ ಹೆಮ್ಮೆಯಲ್ಲಿ. "ಸಿ-ಯಲ್ಲಿ ಏನೂ ಇಲ್ಲ. ನೀನೇ ಹೇಳಿಕೊಟ್ಟಿದ್ದಲ್ವಾ."

"ಸರಿ. ನಾಳೆ ಬನ್ನಿ."

ಒಂದೇ ಸಲ ಕೇಳಿದ.

ಎರಡು ಗಂಟೆಗೆ ಕರೆಂಟ್ ಬಂತು. ತನ್ನ ಪೆನ್‌ಡ್ರೈವ್ ಚುಚ್ಚಿ ಅದರಿಂದಲೇ ಯಂತ್ರವನ್ನು ಎಬ್ಬಿಸಿದ. ಕಾಯಿಲೆ ದೊಡ್ಡದಲ್ಲ. ಅರ್ಧಕ್ಕೆ ನಿಂತ ಅಪ್‌ಡೇಟನ್ನು ಹಿಂದಕ್ಕೆ ತೆಗೆದರೆ ಮುಗಿಯಿತು, ಹತ್ತು ನಿಮಿಷದ ಕೆಲಸ. ಒಳಗೆ ಹೋಗಿ ನೋಡಿದ. ಪರದೆಯ ಮೇಲಿನವು ಇರುವ ಕಡೆ ಒಂದೇ ಫೋಲ್ಡರ್, 'ಮುತ್ತಜ್ಜ' ಎಂದು. ತೆರೆದ. ದೀಕ್ಷಾಸ್ನಾನದ ಪತ್ರ, ಮದುವೆ ಪತ್ರ, ಮೀಸೆಯ ಒಬ್ಬ ರೈತನ ಮಾಸಿದ ಚಿತ್ರ. ಹನ್ನೊಂದು ಫೋಟೋ. ಡಿ-ಗೆ ನಕಲು ಮಾಡಲು ಒಂದು ನಿಮಿಷವೂ ಬೇಡ.

ಹುಡುಗಿಯ ಮುಖ ನೆನಪಾಯಿತು, ಸುಳ್ಳು ಹೇಳಬಾರದು. ಅವಳು ಹುಟ್ಟುವಷ್ಟರಲ್ಲಿ ಆ ಮೊಟ್ಟೆಗಳ ಕಲೆ ಗೋಡೆಯಿಂದ ಎಂದೋ ಮಾಸಿತ್ತು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದರಂತೆ, ಅಂಥ ಕೆಲಸ ಇದು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಮಂಚದ ಕೆಳಗೆ ಅವಿತಿದ್ದವನು ಯಾರಿಗೆ ಏನು ಮಾಡಿದ್ದ? ಅವನಿಗಾಗ ಬರೀ ಒಂಬತ್ತಲ್ಲವೇ? ಹೊಟ್ಟೆಯೊಳಗೆ ನಲವತ್ತೈದು ವರ್ಷ ಕುಳಿತಿದ್ದ ಕಿಚ್ಚು ನ್ಯಾಯ ಕೇಳಲಿಲ್ಲ.

ಅಳಿಸುವುದಕ್ಕೆ ಎರಡು ದಾರಿ. ಬೇಗನೆಯದರಲ್ಲಿ ಮೇಲೆ ಮೇಲೆ ಒರೆಸಿದ ಹಾಗೆ, ಬಲ್ಲವರು ಆಮೇಲೂ ಕೆದಕಿ ತೆಗೆಯಬಹುದು. ನಿಧಾನದ್ದು ಮೂಲೆ ಮೂಲೆಗೂ ಸೊನ್ನೆ ತುಂಬುತ್ತದೆ. ಎಲಿಯೇಸೆರ್ ಯಾವತ್ತೂ ಬೇಗನೆಯದನ್ನೇ ಮಾಡುತ್ತಿದ್ದವನು. ಅಂದು ನಿಧಾನದ್ದನ್ನು ಒತ್ತಿದ.

ಅದು ಓಡುತ್ತಿರುವಾಗ ಬಾಣಲೆ ಇಟ್ಟು ಐದೂ ಮೊಟ್ಟೆಗಳನ್ನು ಒಡೆದು ಹಾಕಿದ. ಶೇಕಡಾ ನಲವತ್ತು ಆಗುವಾಗ ತಿನ್ನಲು ಕುಳಿತ. ತೊಂಬತ್ತಾಗುವಾಗ ಬಟ್ಟಲು ತೊಳೆದಿಟ್ಟ. ಮೊಟ್ಟೆ ಚೆನ್ನಾಗಿತ್ತು.

ಮರುದಿನ ಅಜ್ಜಿ ಮೊಮ್ಮಗಳು ಇಬ್ಬರೂ ಬಂದರು. ಯಂತ್ರ ಮದುಮಗಳ ಹಾಗೆ ಎದ್ದಿತು. ಡಿ-ಯಲ್ಲಿ ಧಾರಾವಾಹಿಗಳು, ಹಾಡುಗಳು, ಹುಟ್ಟುಹಬ್ಬದ ಫೋಟೋಗಳು, ಎಲ್ಲ ಇದ್ದವು. ಲಿಯಾನಿಸ್ ಖಾಲಿ ಪರದೆಯನ್ನು ನೋಡಿದಳು.

"ಇಲ್ಲೇ ಇತ್ತಲ್ಲ ಎಲಿಯಣ್ಣ, ಎದುರಿಗೇ."

"ಪರದೆ ಮೇಲಿರೋದೂ ಸಿ-ಗೇ ಸೇರಿದ್ದು. ಸಿ-ಯಲ್ಲಿ ಏನೂ ಇಲ್ಲ ಅಂದ್ರು ಅಜ್ಜಿ."

ಹುಡುಗಿ ತಿರುಗಿದಳು. "ಹಾಗಂದ್ಯಾ ನೀನು?"

"ಅಂದೆ" ಎಂದಳು ನೆರೇದಾ.

"ಗೊತ್ತಿಲ್ದಿದ್ರೆ ಬಾಯಿ ಮುಚ್ಕೊಂಡಿರೋಕಾಗಲ್ವಾ ನಿಂಗೆ? ಒಂದೇ ಒಂದು ದಿನ? ನಿನ್ನ ಬಾಯಿ ಸೇದಿಹೋಗ, ನನ್ನ ಬಾಳು ತಿಂದ್ಯಲ್ಲೇ ಮುದುಕಿ." ಅಳುತ್ತಾ ಮೆಟ್ಟಿಲಿಳಿದು ಹೋದಳು.

ನೆರೇದಾ ಹೋಗಲಿಲ್ಲ. ಅಲ್ಲೇ ನಿಂತು ಮೊಣಕಾಲು ನೀವಿಕೊಂಡಳು.

"ಎಲ್ಲರ್ನೂ ಮೂರು ಸಲ ಕೇಳ್ತೀಯ" ಎಂದಳು. "ನನ್ನ ಒಂದೇ ಸಲ ಕೇಳಿದೆ."

ಅವನು ಯಂತ್ರವನ್ನು ಕೆಳಗೊಯ್ದು ಅವರ ತಳ್ಳುಗಾಡಿಯಲ್ಲಿಟ್ಟು ಬಂದ.

"ನಾನಾಗ ಎಸೆದದ್ದೂ ಐದೇ. ಮರೆತಿಲ್ಲ. ಎಷ್ಟೋ ಸಲ ಈ ಬಾಗಿಲವರೆಗೂ ಬಂದಿದ್ದೆ, ನಿಮ್ಮಮ್ಮ ಇದ್ದಾಗ. ತಟ್ಟೋಕೆ ಧೈರ್ಯ ಬರ್ಲಿಲ್ಲ. ನಿನ್ನೆಯೂ ಬಾಯಿ ಬಿಡಕ್ಕಾಗ್ಲಿಲ್ಲ. ಮೊಟ್ಟೆ ನೋಡಿದ್ರೆ ಅರ್ಥ ಮಾಡ್ಕೊಳ್ತಾನೆ ಅಂದ್ಕೊಂಡೆ."

"ಅರ್ಥ ಆಯ್ತು" ಎಂದ ಎಲಿಯೇಸೆರ್.

"ತಿಂದ್ಯಾ?"

"ತಿಂದೆ."

"ಬಟ್ಟಲು ಕೊಡು ಹಂಗಾದ್ರೆ."

ಕೊಟ್ಟ. ಅವಳು ಅದನ್ನು ಎದೆಗವಚಿಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ಮನೆಗೆ ಹೋದವಳು ಮೊಮ್ಮಗಳಿಗೆ ಏನನ್ನೂ ಹೇಳಲಿಲ್ಲ. ಹೇಳಿದ್ದರೆ ಆ ಐದು ಮೊಟ್ಟೆಯ ಕಥೆಯನ್ನೂ ಹೇಳಬೇಕಾಗುತ್ತಿತ್ತು.

ಮಂಗಳವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಲಿಯಾನಿಸ್ ನಿಂತಿದ್ದಳು, ಕಾನ್ಸುಲೇಟಿಗೆಂದು ಇಸ್ತ್ರಿ ಮಾಡಿಟ್ಟಿದ್ದ ಬಿಳಿ ಅಂಗಿಯಲ್ಲೇ. ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಬೆಳಕು ಹರಿಯುವ ತನಕ ಕಾದಿದ್ದಳಂತೆ.

"ಹತ್ತೂವರೆಗೆ ನನ್ನ ಸರದಿ, ಎಲಿಯಣ್ಣ. ಅಳಿಸಿದ್ದನ್ನೂ ಕೆದಕಿ ತೆಗೆಯೋ ಪ್ರೋಗ್ರಾಂ ಇರುತ್ತಂತೆ, ಅಂಗಡೀಲಿ ಹೇಳಿದ್ರು. ಒಂದ್ಸಲ ನೋಡಿ. ನಿಮ್ಮನ್ನ ಬಿಟ್ರೆ ಯಾರಿದ್ದಾರೆ ನಂಗೆ?"

ಅವನು ಯಂತ್ರವನ್ನು ಮೇಜಿಗೆ ತಂದು ಪೆನ್‌ಡ್ರೈವ್ ಚುಚ್ಚಿದ. ಹುಡುಗಿ ಅವನ ಕುರ್ಚಿಯ ಬೆನ್ನು ಹಿಡಿದು ನಿಂತಳು. ಒಂದೊಂದೇ ಸಾಲು ಓಡತೊಡಗಿತು, ಸೊನ್ನೆ, ಸೊನ್ನೆ, ಸೊನ್ನೆ. ಒಂದು ಫೋಟೋದ ಚೂರಾದರೂ ಸಿಗಲಿ ಎಂದು ಅವನು ನಿಜವಾಗಿಯೂ ಬೇಡಿಕೊಂಡ. ನಿಧಾನದ ದಾರಿ ಒಂದು ಮೂಲೆಯನ್ನೂ ಬಿಟ್ಟಿರಲಿಲ್ಲ.

ಒಂಬತ್ತಾಯಿತು. ಹತ್ತಾಯಿತು.

"ಸಿಗುತ್ತಾ, ಅಣ್ಣ?"

"ನೋಡೋಣ, ಇನ್ನೂ ಇದೆ" ಎಂದ ಎಲಿಯೇಸೆರ್. ತಿರುಗಿ ಅವಳ ಮುಖ ನೋಡಬೇಕಾಗಿ ಬರಬಾರದೆಂದು ಹುಡುಕಾಟವನ್ನು ಮತ್ತೆ ಮೊದಲಿನಿಂದ ಹಚ್ಚಿದ.