ಹಲ್ಲಿಗೆ ಹಚ್ಚದ ಮುತ್ತು

ಹಾರ ವಾಪಸು ಬಂದಿತ್ತು. ಸಾಪಿಯಾ ಅದನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಮೂಲೆಯಂಗಡಿಯ ಬಾಬೊ ಸಗಿರಾಳ ಕೈಗಿಟ್ಟು ಬಂದಿದ್ದರೆ ಆ ಸಂಜೆ ಎಲ್ಲ ಸಂಜೆಗಳಂತೆ ಕಳೆದುಹೋಗುತ್ತಿತ್ತು. ಆದರೆ ಸುತ್ತುತ್ತಿದ್ದ ಹಾಗೇ ಕಣ್ಣು ಕೊಂಡಿಯ ಪಕ್ಕದ ಒಂದು ಮುತ್ತಿನ ಮೇಲೆ ಹೋಗಿ ಕೂತಿತು. ಏನು ಮಾಡಿದರೂ ಅಲ್ಲಿಂದ ಏಳಲಿಲ್ಲ.

ಪಲಾವನ್ ಸಮುದ್ರದ ಹೊಂಬಣ್ಣದ ಮುತ್ತುಗಳ ಹಾರ ಅದು. ಅಂಥ ಮುತ್ತಿನ ಬೆಳಕು ಒಳಗೆಲ್ಲೋ ಹುಟ್ಟಿ ನಿಧಾನಕ್ಕೆ ಹೊರಗೆ ಬರುತ್ತದೆ. ಈ ಒಂದು ಮಾತ್ರ ತೊಳೆದಿಟ್ಟ ಚಮಚದ ಹಾಗೆ ಮೇಲಿನ ದೀಪವನ್ನು ಇದ್ದಂತೆಯೇ ಹಿಂದಕ್ಕೆ ಎಸೆಯುತ್ತಿತ್ತು.

ಮನಿಲಾದ ಆ ಮಾಲಿನ ಎರಡನೇ ಮಹಡಿಯಲ್ಲಿ ಮುತ್ತಿನ ಅಂಗಡಿಗಳದ್ದೇ ಒಂದು ಸಾಲು. ಹೆಚ್ಚಿನವರು ದಕ್ಷಿಣದ ದ್ವೀಪದಿಂದ ಬಂದ ಮರಾನಾವ್ ಮುಸ್ಲಿಂ ಹೆಂಗಸರು, ಒಬ್ಬರಿಗೊಬ್ಬರು ಏನಾದರೊಂದು ನಂಟು. ಸಾಪಿಯಾಳ ಗಾಜಿನ ಪೆಟ್ಟಿಗೆಯಲ್ಲಿ ಚೀನಾದ ಕೆರೆಗಳಲ್ಲಿ ಬೆಳೆದ, ಅಕ್ಕಿಕಾಳಿನಂಥ ಸಿಹಿನೀರಿನ ಮುತ್ತುಗಳಿದ್ದವು. ಜಪಾನಿನ ಪುಟ್ಟ ಬಿಳಿ ಅಕೋಯಾ ಇತ್ತು, ನವಿಲುಗರಿಯ ಮಿಂಚಿದ್ದ ತಾಹಿತಿಯ ಕಪ್ಪು ಮುತ್ತಿತ್ತು. ಕೊನೆಯ ಖಾನೆಯಲ್ಲಿ ಚಿಪ್ಪಿನ ಮಣಿಗೆ ಬಣ್ಣ ಹೊಯ್ದ ಕೃತಕ ಮುತ್ತೂ ಇತ್ತು, ಅದನ್ನು ಕೃತಕವೆಂದೇ ಹೇಳಿ ಮಾರುತ್ತಿದ್ದಳು. ದೊಡ್ಡ ಹೊಂಬಣ್ಣದ ಹಾರ ಮಾತ್ರ ಅವಳಲ್ಲಿರಲಿಲ್ಲ. ಯಾರಾದರೂ ಕೇಳಿದರೆ ಬಾಬೊ ಸಗಿರಾಳಿಂದ ತಂದು ತೋರಿಸುವಳು. ಸಾಲಿನ ಎಲ್ಲರೂ ಹೀಗೇ. ರಸೀದಿಯಿಲ್ಲ, ಸಹಿಯಿಲ್ಲ, ಬಾಯಿಮಾತಿನ ಮೇಲೆ ಹಾರಗಳು ಅಂಗಡಿಯಿಂದ ಅಂಗಡಿಗೆ ಓಡಾಡುತ್ತಿದ್ದವು. ಒಂದೇ ಒಂದು ಸಲ ತಪ್ಪು ಹಾರ ವಾಪಸಾದರೆ ಮುಗಿಯಿತು. ಆಮೇಲೆ ಯಾರೂ ಒಂದು ಮಣಿಯನ್ನೂ ಕೊಡುವುದಿಲ್ಲ. ಆ ಕಳಂಕವೂ ಅವಳ ಹೆಸರಿಗಷ್ಟೇ ನಿಲ್ಲದೆ, ಊರಲ್ಲಿರುವ ಗಂಡನ ಮನೆಯವರೆಗೂ ಹೋಗುತ್ತದೆ. ಬಾಬೊ ಎಂದರೆ ಅವರ ಮಾತಿನಲ್ಲಿ ಅತ್ತೆ, ಸಗಿರಾ ಗಂಡನ ಸೋದರತ್ತೆ ಬೇರೆ.

ಹಲ್ಲಿಗೆ ಹಚ್ಚಿದ್ದರೆ ಕ್ಷಣದಲ್ಲಿ ಗೊತ್ತಾಗುತ್ತಿತ್ತು. ನಿಜವಾದ ಮುತ್ತು ಹಲ್ಲಿಗೆ ಮರಳು ಮರಳಾಗಿ ತಾಕುತ್ತದೆ, ಬಣ್ಣದ್ದು ಜಾರುತ್ತದೆ. ಆದರೆ ರಂಜಾನ್ ತಿಂಗಳು. ನುಂಗದಿದ್ದರೆ ಉಪವಾಸ ಮುರಿಯುವುದಿಲ್ಲ ಎಂದು ಮಸೀದಿಯ ಗುರುಗಳು ಹೇಳಿದ್ದುಂಟು. ಆದರೂ ಹಗಲು ಹೊತ್ತಿನಲ್ಲಿ ಬಾಯಿಗೆ ಏನನ್ನೂ ಮುಟ್ಟಿಸಬಾರದೆಂದು ತಾಯಿ ಕಲಿಸಿದ್ದು ಅವಳ ಕೈಯನ್ನು ಅರ್ಧದಾರಿಯಲ್ಲೇ ತಡೆಯುತ್ತಿತ್ತು. ಪಕ್ಕದ ಮುತ್ತಿಗೆ ಉಜ್ಜಿ ನೋಡಿದಳು. ಬೆವರಿದ ಬೆರಳು ಒಮ್ಮೆ ಹೌದೆಂದಿತು, ಒಮ್ಮೆ ಇಲ್ಲವೆಂದಿತು. ರಂಧ್ರದ ಅಂಚಿನಲ್ಲಿ ಬಣ್ಣ ಕಿತ್ತಿದೆಯೇ ನೋಡೋಣವೆಂದರೆ ಮುತ್ತು ಮುತ್ತಿನ ನಡುವಿನ ದಾರದ ಗಂಟುಗಳು ಬಿಗಿಯಾಗಿ ರಂಧ್ರವನ್ನೇ ಮುಚ್ಚಿದ್ದವು. ಎದ್ದಳು, ಕೂತಳು, ಹಗಲ ಬೆಳಕಿಗೆ ಹಿಡಿಯಲು ಕಿಟಕಿಯವರೆಗೆ ಹೋಗಿ ಬಂದಳು.

ಎರಡು ದಿನ ಹಾರ ಇದ್ದದ್ದು ಎರ್ಲಿಂಡಾಳ ಮನೆಯಲ್ಲಿ. ಪಾಸಿಗ್‌ನಲ್ಲಿ ಅಕ್ಕಿ ಅಂಗಡಿ ಇಟ್ಟಿರುವ ಹಳೆಯ ಗಿರಾಕಿ. ಮಗಳ ಮದುವೆಯ ಗೌನಿಗೆ ಒಪ್ಪುತ್ತದೋ ನೋಡುತ್ತೇನೆಂದು ಒಯ್ದವಳು, ಹುಡುಗಿಗೆ ಬಿಳಿಯೇ ಬೇಕಂತೆ ಎಂದು ಈಗಷ್ಟೇ ವಾಪಸು ಕೊಟ್ಟು, ಕೆಳಗೆ ಲೇಸು ಕೊಳ್ಳಲು ಹೋಗಿದ್ದಳು. ಸಾಪಿಯಾ ಫೋನ್ ಎತ್ತಿದಳು.

"ಮೇಡಂ, ಒಂದು ಮಾತು. ಹಾರ ಬೇರೆ ಯಾರ ಕೈಗಾದ್ರೂ ಹೋಗಿತ್ತಾ?"

"ಯಾಕೆ?"

"ಒಂದು ಮುತ್ತು... ಬದಲಾದ ಹಾಗಿದೆ."

ಆ ಕಡೆಯ ದನಿ ಏರಿತು. "ನಾನು ಕದ್ದೆ ಅಂತೀಯಾ? ಅಲ್ಲೇ ಇರು, ಮೇಲೆ ಬರ್ತೀನಿ."

ಎದುರಂಗಡಿಯ ತರ್ಹಾತಾ ಇಷ್ಟು ಹೊತ್ತೂ ಕತ್ತು ಚಾಚಿಕೊಂಡೇ ಇದ್ದಳು.

"ಏನೇ, ಕಾಲಿಗೆ ಇರುವೆ ಹತ್ತಿದ ಹಾಗೆ ಓಡಾಡ್ತಿದೀಯ? ಹಸಿವು ತಲೆಗೇರ್ತಾ?"

ಸಾಪಿಯಾ ಮೆಲ್ಲಗೆ ವಿಷಯ ಹೇಳಿದಳು.

"ಕೊಡಿಲ್ಲಿ. ಈ ವಾರ ನಂಗೆ ಉಪವಾಸದಿಂದ ರಜ, ಹೆಂಗಸರ ರಜ. ದೇವರು ಕೊಟ್ಟಿರೋ ಹಲ್ಲು, ಸುಮ್ನೆ ಯಾಕಿರ್ಬೇಕು?" ತರ್ಹಾತಾ ಪೆಟ್ಟಿಗೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ಮುತ್ತನ್ನು ಹಲ್ಲಿಗೆ ಉಜ್ಜಿದಳು. ಪಕ್ಕದ್ದನ್ನು ಉಜ್ಜಿದಳು. ಮುಖದ ನಗು ಹೋಯಿತು. "ಜಾರುತ್ತೆ ಕಣೇ. ಚಿಪ್ಪಿನ ಮಣಿ."

"ಹಾಗಾದ್ರೆ ಆ ಹೆಂಗಸೇ..."

"ತಡಿ, ಬಾಯಿ ಬಿಡ್ಬೇಡ. ದಾರ ನೋಡು." ಗಂಟುಗಳ ರೇಷ್ಮೆ ಹಾರದುದ್ದಕ್ಕೂ ಒಂದೇ ತರ ಮಾಸಿ, ಕತ್ತಿನ ಎಣ್ಣೆ ಕುಡಿದು ಹಳದಿಯಾಗಿತ್ತು. ಆ ಮುತ್ತಿನ ಎರಡೂ ಬದಿಯಲ್ಲೂ ಹಾಗೇ. "ಎರಡು ದಿನದಲ್ಲಿ ಬಿಚ್ಚಿ ಪೋಣಿಸಿದ್ರೆ ದಾರ ಹೊಸದಿರ್ತಿರ್ಲಿಲ್ವಾ? ಇದು ಬಾಬೊ ಹಾಕಿರೋ ಗಂಟು. ನೀನು ತರೋವಾಗ್ಲೇ ಹೀಗಿತ್ತು. ತಗೊಳ್ಳೋವಾಗ ಹಲ್ಲಿಗೆ ಹಚ್ಚಿ ನೋಡ್ಲಿಲ್ವಾ?"

"ಬಾಬೊ ಎದುರಿಗೆ ಬಾಬೊ ಮುತ್ತನ್ನ ಕಚ್ಚಿ ನೋಡ್ಲಾ? ಅದೂ ಉಪವಾಸದಲ್ಲಿ?"

"ಫೋನ್ ಮಾಡೋಕೆ ಮಾತ್ರ ಏನೂ ಅಡ್ಡಿ ಬರ್ಲಿಲ್ಲ."

ಅಷ್ಟರಲ್ಲಿ ಎಸ್ಕಲೇಟರಿನ ಕಡೆಯಿಂದ ಎರ್ಲಿಂಡಾ ಏದುಸಿರು ಬಿಡುತ್ತ ಬಂದಳು. ಅವಳ ದನಿ ಅವಳಿಗಿಂತ ಮುಂದೆ ಬಂದಿತ್ತು. ಅಂಗಡಿಗಳಿಂದ ತಲೆಗಳು ಹೊರಬಂದವು. ಅವುಗಳ ನಡುವೆ, ಉಪವಾಸ ಬಿಡಲು ನೀರಿನ ಬಾಟಲಿ, ಖರ್ಜೂರದ ಡಬ್ಬಿ ಹಿಡಿದುಕೊಂಡು ಬಾಬೊ ಸಗಿರಾ ನಿಧಾನವಾಗಿ ನಡೆದು ಬಂದಳು.

"ಇಷ್ಟು ವರ್ಷ ಇವಳ ಹತ್ರಾನೇ ತಗೊಂಡಿದೀನಿ," ಎಂದಳು ಎರ್ಲಿಂಡಾ. "ಇವತ್ತು ನಾನು ಕಳ್ಳಿ. ಕೇಳಿ ಎಲ್ಲರೂ."

ಬಾಬೊ ಕೈ ಚಾಚಿದಳು. ಸಾಪಿಯಾ ಹಾರ ಕೊಟ್ಟು, ಕೊಂಡಿಯ ಪಕ್ಕದ ಮುತ್ತನ್ನು ಬೆರಳಿಂದ ತೋರಿಸಿದಳು. ಮುದುಕಿ ಅದನ್ನು ಕಣ್ಣಿನ ಹತ್ತಿರ, ಇನ್ನೂ ಹತ್ತಿರ ಹಿಡಿದು ನೋಡಿದಳು. ಏನೂ ಕಂಡಂತೆ ಕಾಣಲಿಲ್ಲ.

"ನನ್ನ ಹಾರ ಸರಿಯಾಗೇ ಇತ್ತು," ಎಂದಳು. "ಎರಡು ದಿನ ಹೊರಗಿತ್ತಲ್ಲ. ಅಲ್ವೇನಮ್ಮಾ?"

ದಾರಿ ತೆರೆದೇ ಇತ್ತು. ಹೌದು ಬಾಬೊ ಎಂದರೆ ಸಾಕಿತ್ತು. ಎರ್ಲಿಂಡಾ ಹೊರಗಿನವಳು, ಕೂಗಾಡಿ ಹೋಗುತ್ತಾಳೆ, ನಾಳೆ ಇನ್ನೊಬ್ಬ ಗಿರಾಕಿ ಬರುತ್ತಾಳೆ. ಸಾಲು ಹೀಗೇ ಇರುತ್ತದೆ, ಊರಿನ ಮನೆಯೂ. ತರ್ಹಾತಾ ಮುಖ ತಿರುಗಿಸಿ ಯಾವುದೋ ಮಣಿಯನ್ನು ಒರೆಸುತ್ತಿದ್ದಳು. ಈ ಮಾತು ಆಡಬೇಕಾದವಳು ಅವಳಲ್ಲ, ಅದು ಇಬ್ಬರಿಗೂ ಗೊತ್ತಿತ್ತು.

ಸಾಪಿಯಾ ಎರ್ಲಿಂಡಾಳ ಕಡೆ ನೋಡಿದಳು. ಮದುವೆಯ ಲೇಸಿನ ಪೊಟ್ಟಣ ಇನ್ನೂ ಅವಳ ಕೈಯಲ್ಲೇ ಇತ್ತು.

"ಇಲ್ಲ ಬಾಬೊ," ಎಂದಳು. "ಗಂಟು ನೋಡಿ. ದಾರ ಹಳೇದು. ಮೇಡಂ ಏನೂ ಮಾಡಿಲ್ಲ. ಯೋಚನೆ ಮಾಡ್ದೆ ಅನುಮಾನ ಪಟ್ಟೋಳು ನಾನು."

ಬಾಬೊ ಮುಖ ಗಟ್ಟಿಯಾಯಿತು. ಅವಳು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಒಂದು ಫೋನಿನಲ್ಲಿ, ಆಮೇಲೆ ಇನ್ನೊಂದರಲ್ಲಿ, ಹೀಗೆ ಸಾಲಿನುದ್ದಕ್ಕೂ ಸಂಜೆಯ ಬಾಂಗು ಕೇಳಿಸಿತು. ಬಾಬೊ ಅಲ್ಲೇ ಸ್ಟೂಲಿನ ಮೇಲೆ ಕೂತಳು. ಮೂರು ಗುಟುಕು ನೀರು ಕುಡಿದಳು, ಖರ್ಜೂರ ತಿಂದಳು. ಬಾಯಿ ಒರೆಸಿಕೊಂಡು, ಎಲ್ಲರೂ ನೋಡುತ್ತಿರುವಂತೆಯೇ, ಆ ಮುತ್ತನ್ನು ಹಲ್ಲಿಗೆ ಹಚ್ಚಿದಳು.

ಪಕ್ಕದ್ದನ್ನೂ ಹಚ್ಚಿದಳು, ಮತ್ತೆ ಅದಕ್ಕೇ ಬಂದಳು.

"ಹೋದ ರಂಜಾನ್‌ನಲ್ಲಿ ಪೋಣಿಸಿದ್ದು," ಎಂದಳು ಕೊನೆಗೆ. "ಹಗಲು ಹೊತ್ತು. ತಟ್ಟೆ ಉರುಳಿ ನಿಜವಾದ್ದು, ಬಣ್ಣದ್ದು ಎಲ್ಲ ಬೆರೆತಿತ್ತು, ಎತ್ತಿ ಎತ್ತಿ ಪೋಣಿಸಿದೆ. ಬಾಯಿಗೆ ಹಚ್ಚಲಿಲ್ಲ." ಎರ್ಲಿಂಡಾಳ ಕಡೆ ತಿರುಗಿದಳು. "ತಪ್ಪು ನಂದು ತಾಯಿ. ಇವಳದ್ದಲ್ಲ, ನಿಂದೂ ಅಲ್ಲ."

"ಇವಳದ್ದೂ ಇದೆ," ಎಂದಳು ಎರ್ಲಿಂಡಾ. ದನಿ ತಗ್ಗಿತ್ತು, ಆದರೆ ಸಾಪಿಯಾಳ ಮುಖ ನೋಡಲಿಲ್ಲ. ಸಾಪಿಯಾ ಖರ್ಜೂರದ ಡಬ್ಬಿಯನ್ನು ಅವಳ ಮುಂದೆ ಹಿಡಿದಳು. ಎರ್ಲಿಂಡಾ ತೆಗೆದುಕೊಳ್ಳಲಿಲ್ಲ, ಲೇಸಿನ ಪೊಟ್ಟಣವನ್ನು ಕಂಕುಳಿಗೆ ಒತ್ತಿಕೊಂಡು ಹೊರಟುಹೋದಳು. ಮಗಳಿಗೆ ಬೇಕಿದ್ದ ಬಿಳಿ ಹಾರದ ಮಾತು ಬರಲೇ ಇಲ್ಲ.

ಬಾಬೊ ಕೂಡ ಹಾರ ತೆಗೆದುಕೊಂಡು ಎದ್ದು ಹೋದಳು.

"ಇವತ್ತಿಗೆ ಈ ಸಾಲಲ್ಲಿ ನನ್ನ ಕಥೆ ಮುಗೀತು," ಎಂದಳು ಸಾಪಿಯಾ. ಒಂದು ಖರ್ಜೂರ ಬಾಯಿಗೆ ಹಾಕಿಕೊಂಡಳು.

"ಮೊದ್ಲು ನೀರು ಕುಡಿ," ಎಂದಳು ತರ್ಹಾತಾ. "ಬೈಸಿಕೊಳ್ಳೋಕಾದ್ರೂ ಶಕ್ತಿ ಬೇಕು."

ಬೈಗುಳ ಬರಲಿಲ್ಲ, ಬಾಬೊ ತಾನೇ ವಾಪಸು ಬಂದಳು. ಎರಡು ಕೈಯಲ್ಲಿ ಅಗಲದ ತಟ್ಟೆ, ಅದರ ತುಂಬ ಹೊಂಬಣ್ಣದ ಚಿಪ್ಪಿನ ಮಣಿಗಳು. ಸಾಪಿಯಾಳ ಗಾಜಿನ ಪೆಟ್ಟಿಗೆಯ ಮೇಲೆ ಅದನ್ನು ಇಟ್ಟಳು.

"ನನ್ನ ನಿಜವಾದ ಮುತ್ತು ಇದರಲ್ಲೇ ಎಲ್ಲೋ ಸೇರಿದೆ. ಇಷ್ಟರಲ್ಲಿ ಯಾರಾದ್ರೂ ಕೊಂಡುಕೊಂಡು ಹೋಗಿರದಿದ್ರೆ. ನನ್ನ ಕಣ್ಣಿಗೆ ಇನ್ನು ಇದೆಲ್ಲ ಆಗಲ್ಲ. ಹುಡುಕು."

"ನಾನಾ, ಬಾಬೊ?"

"ಮತ್ಯಾರಿಗೆ ಕೊಡ್ಲಿ? ನನ್ನ ಮುಖಕ್ಕೇ ಹೇಳಿದ್ದು ನೀನೊಬ್ಬಳೇ ತಾನೇ?"

ತರ್ಹಾತಾ ಸ್ಟೂಲು ಎಳೆದುಕೊಂಡು ಬಂದಳು. ಮೂವರೂ ತಟ್ಟೆಯ ಸುತ್ತ ಕೂತರು. ಮಾಲಿನವರು ಆ ಕಡೆಯಿಂದ ಒಂದೊಂದೇ ದೀಪ ಆರಿಸುತ್ತ ಬರುತ್ತಿದ್ದರು. ಸಾಪಿಯಾ ಒಂದು ಮಣಿ ಎತ್ತಿ ಹಲ್ಲಿಗೆ ಹಚ್ಚಿದಳು. ಜಾರಿತು. ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತಿಕೊಂಡಳು.