ಇನ್ನೂರ ನಲವತ್ತು ಎಡತೋಳು

"ಎಡಗೈ ಯಾವುದು, ಬಲಗೈ ಯಾವುದು ಅಂತ ಗೊತ್ತಿಲ್ಲದ ಕತ್ತೆಗೆ ಎಂಟು ವರ್ಷ ಸಂಬಳ ಕೊಟ್ಟಿದೀನಿ, ಎಲ್ಲರೂ ನೋಡ್ಕೊಳ್ಳಿ! ಬೆಳಗ್ಗೆ ಎದ್ದು ಪ್ಯಾಂಟು ಹೇಗೆ ಹಾಕ್ಕೋತೀಯೋ? ನಿಮ್ಮಮ್ಮ ಬಂದು ಹಾಕಿಸ್ತಾಳಾ?"

ಮಾಲೀಕ ಹೀಗೆ ಕಿರುಚಿ, ಕೈಯಲ್ಲಿದ್ದ ಜಾಕೆಟ್ ತೋಳನ್ನು ಕತ್ತರಿಯ ಮುಖಕ್ಕೆ ಎಸೆದ. ತೋಳು ಮೂಗಿಗೆ ಬಡಿದು ಭುಜದ ಮೇಲೆ ಬಿತ್ತು, ಯಾರೋ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳುವ ಹಾಗೆ ಒಂದು ಗಳಿಗೆ ಜೋತಾಡಿ ನೆಲಕ್ಕೆ ಜಾರಿತು. ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು.

ಕತ್ತರಿ ಅಂದರೆ ಆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಹುಡುಗ. ಹುಡುಗ ಅನ್ನುವುದು ಅಭ್ಯಾಸಕ್ಕೆ, ವಯಸ್ಸು ಇಪ್ಪತ್ತಾರು ದಾಟಿತ್ತು. ಅವನ ಅಮ್ಮ ತೀರಿಕೊಂಡು ಹನ್ನೆರಡು ವರ್ಷ. ಅದು ಮಾಲೀಕನಿಗೂ ಗೊತ್ತಿತ್ತು. ಗೊತ್ತಿದ್ದೇ ಎತ್ತಿದ. ಬೈಗುಳದಲ್ಲಿ ಮಾತ್ರ ಆ ಮನುಷ್ಯ ಯಾವತ್ತೂ ಜಿಪುಣತನ ಮಾಡಿದವನಲ್ಲ.

ಮಿಕ್ಕಿದ್ದೆಲ್ಲದರಲ್ಲೂ ಮಾಡಿದ್ದ. ಅದಕ್ಕೇ ಹೊಲಿಯುವ ಹೆಂಗಸರು ಅವನಿಗೆ ‘ಉಳಿತಾಯ’ ಎಂದು ಹೆಸರಿಟ್ಟಿದ್ದರು. ಮಾರುಕಟ್ಟೆ ಮಲಗಿ ಒಂದು ವರ್ಷವಾಗಿತ್ತು. ಟೀವಿಯಲ್ಲಿ ಟೈ ಕಟ್ಟಿಕೊಂಡವರು ಅದಕ್ಕೆ ‘ಹಿಂಜರಿತ’ ಎನ್ನುತ್ತಿದ್ದರು, ಯಾರೋ ನಾಚಿಕೆಯ ಮದುಮಗಳು ಬಾಗಿಲ ಹಿಂದೆ ನಿಂತಿರುವಂತೆ. ಕಾರ್ಖಾನೆಯಲ್ಲಿ ಅದು ಹಿಂಜರಿಯಲಿಲ್ಲ, ನೇರವಾಗಿ ಒಳಗೇ ಬಂತು. ಮೊದಲು ಸಂಜೆಯ ಚಹಾ ಹೋಯಿತು. ಆಮೇಲೆ ಅರ್ಧ ಫ್ಯಾನುಗಳು. ಆಮೇಲೆ ಪಾಯಿಖಾನೆಯ ಬಲ್ಬು. ಕತ್ತಲಲ್ಲಿ ಗುರಿ ಹಿಡಿಯುವುದನ್ನೂ ಜನ ಕಲಿತರು. ಆಮೇಲೆ ಜನರೇ ಹೋದರು. ನಲವತ್ತು ಯಂತ್ರಗಳಲ್ಲಿ ಹನ್ನೆರಡು ಓಡುತ್ತಿದ್ದವು, ಉಳಿದವು ಪ್ಲಾಸ್ಟಿಕ್ ಹೊದ್ದು ಹೆಣಗಳಂತೆ ಸಾಲಾಗಿ ಕೂತಿದ್ದವು. "ಎಲ್ಲರೂ ಉಳಿತಾಯ ಮಾಡ್ಬೇಕು" ಎಂದು ಮಾಲೀಕ ದಿನಾ ಹೇಳುತ್ತಿದ್ದ. ಅವನೂ ಮಾಡಿದ್ದ. ಕಾರನ್ನು ಉಳಿಸಿಕೊಂಡಿದ್ದ.

ಕೈಯಲ್ಲಿ ಉಳಿದದ್ದು ಒಂದೇ ಆರ್ಡರು. ಸೆಕ್ಯೂರಿಟಿಯವರ ಜಾಕೆಟ್ಟು, ಮಳೆಗೆ ತಲೆ ಮುಚ್ಚುವ ಟೋಪಿ ಸಮೇತ, ನೂರ ಇಪ್ಪತ್ತು. ಊರಿನ ಕಾರ್ಖಾನೆಗಳೆಲ್ಲ ಬಾಗಿಲು ಹಾಕಿಕೊಂಡ ಮೇಲೆ, ಹಾಕಿದ ಬಾಗಿಲು ಕಾಯುವ ಕೆಲಸ ಒಂದೇ ಬೆಳೆಯುತ್ತಿತ್ತು.

"ನಾಳೆ ನಮ್ಮ ಗೇಟು ಕಾಯೋನಿಗೂ ನಾವೇ ಹೊಲೀತಿದೀವಿ ಕಣ್ರೇ" ಎಂದಿದ್ದಳು ಕಾಲರ್ ಅಕ್ಕ. ಇಪ್ಪತ್ತು ವರ್ಷದಿಂದ ಕಾಲರು ಬಿಟ್ಟು ಬೇರೇನೂ ಹೊಲಿಯದವಳು. "ಕುತ್ತಿಗೆ ಹತ್ರ ಸ್ವಲ್ಪ ಬಿಗಿಯಾಗೇ ಇಡ್ತೀನಿ. ನೆನಪಿಸ್ಕೊಳ್ಳಲಿ."

ಈ ಆರ್ಡರು ಸಮಯಕ್ಕೆ ಹೋದರೆ ಇನ್ನೊಂದು ಬರುತ್ತದೆ. ಹೋಗದಿದ್ದರೆ ಹನ್ನೆರಡು ಯಂತ್ರಕ್ಕೂ ಪ್ಲಾಸ್ಟಿಕ್ಕು. ಇದು ಎಲ್ಲರಿಗೂ ಗೊತ್ತಿತ್ತು. ಇನ್ನೊಂದು ಸಂಗತಿಯೂ ಎಲ್ಲರಿಗೂ ಗೊತ್ತಿತ್ತು: ಬಟ್ಟೆ ಹಾಸಿದ್ದು ಕತ್ತರಿಯಲ್ಲ.

ತೋಳಿಗೂ ಎಡ ಬಲ ಇರುತ್ತದೆ. ತೊಟ್ಟುಕೊಳ್ಳುವವರಿಗೆ ಅದು ಗೊತ್ತಾಗುವುದು ತಪ್ಪಿದಾಗ ಮಾತ್ರ. ಈ ಜಾಕೆಟ್ ಬಟ್ಟೆಗೆ ಒಂದು ಮಗ್ಗುಲು ನುಣುಪು, ಮಳೆನೀರು ಜಾರಲೆಂದು. ಇನ್ನೊಂದು ಮಗ್ಗುಲು ಒರಟು. ಉದ್ದನೆಯ ಮೇಜಿನ ಮೇಲೆ ಅದನ್ನು ಹಾಸುವಾಗ ಹೋಗುತ್ತಾ ನುಣುಪು ಮೇಲೆ, ಬರುತ್ತಾ ನುಣುಪು ಕೆಳಗೆ ಮಾಡಿ ಪದರದ ಮೇಲೆ ಪದರ ಮಡಿಸಬೇಕು. ಆಗ ಒಂದೇ ಗೆರೆಯ ಮೇಲೆ ಕತ್ತರಿಸಿದರೂ ಒಂದು ಪದರ ಎಡತೋಳು, ಅದರ ಕೆಳಗಿನದು ಬಲತೋಳು. ಎಲ್ಲ ಪದರವನ್ನೂ ನುಣುಪು ಮೇಲೆ ಮಾಡಿ ಹಾಸಿದರೆ ನೋಡಲು ಅಂದ. ತೋಳುಗಳು ಮಾತ್ರ ಅಷ್ಟೂ ಎಡ.

ಈ ಕೆಲಸಕ್ಕೆಂದೇ ಒಬ್ಬ ತಾತ ಇದ್ದ. ಮೂವತ್ತು ವರ್ಷ ಹಾಸಿದವನು. ಕಳೆದ ತಿಂಗಳು ಮಾಲೀಕ ಅವನನ್ನು ಮನೆಗೆ ಕಳಿಸಿದ. "ಬಟ್ಟೆ ಹಾಸೋಕೆ ಒಬ್ಬ ಆಳು ಬೇಕೇನ್ರೋ? ಹಾಸಿಗೆ ಹಾಸಿದ ಹಾಗೆ! ನಾನೇ ಹಾಸ್ತೀನಿ" ಎಂದು ಸೋಮವಾರ ತೋಳು ಮಡಚಿ ತಾನೇ ನಿಂತ. ಅರವತ್ತು ಪದರ, ಎಲ್ಲವೂ ನುಣುಪು ಮೇಲೆ. ಹಾಸು ಮುಗಿದ ಮೇಲೆ ಅಂಚಿಗೊಂದು ಚೀಟಿ ಚುಚ್ಚುವುದು ರೂಢಿ. ಅದನ್ನೂ ಬಿಡಲಿಲ್ಲ. ‘ಪದರ: ೬೦. ಹಾಸಿದವರು: ನಾನೇ’ ಎಂದು ಬರೆದು, ಮದುವೆಯ ಆಮಂತ್ರಣಕ್ಕೆ ಹಾಕುವಂಥ ರುಜು ಹಾಕಿ, ಕೆಳಗೆ ಎರಡು ಗೆರೆ ಎಳೆದ.

ಕತ್ತರಿ ಅಂಚು ಎತ್ತಿ ನೋಡಬೇಕಿತ್ತು. ನೋಡಲಿಲ್ಲ. ಎಂಟು ವರ್ಷ ತಾತನ ಹಾಸಿನ ಮೇಲೆ ಕಣ್ಣು ಮುಚ್ಚಿಕೊಂಡು ಕತ್ತರಿಸಿದ ಕೈ ಅದು. ರಟ್ಟಿನ ಅಚ್ಚು ಇಟ್ಟ, ಸುತ್ತ ಸೀಮೆಸುಣ್ಣ ಎಳೆದ, ಕತ್ತರಿಸುವ ಯಂತ್ರ ಓಡಿಸಿದ. ಪದರಕ್ಕೆ ನಾಲ್ಕರಂತೆ ಇನ್ನೂರ ನಲವತ್ತು ಎಡತೋಳು.

ಈಗ ಅವನ ನಾಲಗೆಯ ತುದಿಯಲ್ಲಿ ಮಾತು ಕುದಿಯುತ್ತಿತ್ತು. ಅವನು ಸುತ್ತ ನೋಡಿದ. ಹೆಂಗಸರು ಸೂಜಿಗೆ ದಾರ ಪೋಣಿಸುತ್ತಿದ್ದರು, ಪೋಣಿಸಿದ್ದ ಸೂಜಿಗೇ ಮತ್ತೆ. ಮೂಲೆಯಲ್ಲಿ ಇಸ್ತ್ರಿ ಮೇಜಿನ ಹಿಂದೆ ಅವನ ಭಾವ ನಿಂತಿದ್ದ. ಒಡಹುಟ್ಟಿದ ಅಕ್ಕನ ಗಂಡ, ಕತ್ತರಿಯನ್ನು ಈ ಕೆಲಸಕ್ಕೆ ಸೇರಿಸಿದವನೂ ಅವನೇ. ಕತ್ತರಿ ಅವನನ್ನೇ ದಿಟ್ಟಿಸಿದ. ಭಾವ ಇಸ್ತ್ರಿಯ ಗುಂಡಿ ಒತ್ತಿದ. ಬುಸ್ಸೆಂದು ಆವಿ ಎದ್ದು ಅವನ ಮುಖ ಮುಚ್ಚಿತು.

"ಒಳಗೆ ಬಾ" ಎಂದ ಮಾಲೀಕ.

ಒಳಗೆ ಕಾಗದ ತಯಾರಿತ್ತು. ತಪ್ಪು ನನ್ನದೇ, ನನ್ನ ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ, ನನಗೆ ಏನೂ ಬರಬೇಕಾದ್ದಿಲ್ಲ. ತೋಳು ಹಾಳಾಗಿದೆ ಅಂತ ಗೊತ್ತಾದದ್ದೇ ಇವತ್ತು ಬೆಳಗ್ಗೆ. ಕಾಗದದ ಮೂಲೆಯಲ್ಲಿ ಮೂರು ದಿನದ ಹಿಂದಿನ ಚಹಾದ ಕಲೆ. ಅಷ್ಟು ಹೊತ್ತಿಗೆ ಕತ್ತರಿಗೆ ಅರ್ಥವಾಯಿತು. ತೆಗೆದುಹಾಕಿದರೆ ಎಂಟು ವರ್ಷದ ಪರಿಹಾರ ಕೊಡಬೇಕು. ತಾನಾಗಿ ಹೋದರೆ ಒಂದು ಗುಂಡಿಯೂ ಕೊಡಬೇಕಿಲ್ಲ.

"ಸೈನ್ ಹಾಕಿದ್ರೆ ನಿನ್ನ ಭಾವ ಉಳೀತಾನೆ. ಇಲ್ಲಾಂದ್ರೆ ಇಬ್ರೂ ಜೋಡಿಯಾಗಿ ಹೋಗಿ" ಎಂದ ಮಾಲೀಕ. "ನಾಳೆವರೆಗೂ ಯೋಚ್ನೆ ಮಾಡು. ಮೆದುಳು ಇದ್ರೆ."

ಕತ್ತರಿ ಹೊರಗೆ ಬಂದವನು ಮೇಜಿನ ಕಾಲಿಗೆ ಹೊಡೆದಿದ್ದ ಮೊಳೆಯಿಂದ ಕತ್ತರಿಸಿ ಮುಗಿದ ಹಾಸುಗಳ ಚೀಟಿಗಳಲ್ಲಿ ಮೇಲಿನದೊಂದನ್ನು ಕಿತ್ತು ಜೇಬಿಗಿಟ್ಟುಕೊಂಡ.

ಮನೆ ಅಂದರೆ ಒಂದು ಕೋಣೆ, ಒಂದು ಅಡುಗೆಮನೆ, ನಡುವೆ ಒಂದು ಪರದೆ. ಬಾಡಿಗೆ ಎರಡು ಸಂಬಳದ ಮೇಲೆ ನಿಂತಿತ್ತು. ಅಕ್ಕ ಬಾಗಿಲು ತೆಗೆದವಳೇ ಇಬ್ಬರನ್ನೂ ನೋಡಿದಳು.

"ಏನ್ರೋ ಇದು, ಇಬ್ರ ಮುಖಾನೂ ಹಿಂಡಿಟ್ಟ ನೆಲ ಒರೆಸೋ ಬಟ್ಟೆ ಥರ?"

"ಭಾವನ್ನೇ ಕೇಳು" ಎಂದ ಕತ್ತರಿ. "ನನಗೆ ಮಂಗಳಾರತಿ ಆಗೋವಾಗ ಅವರು ಆವಿ ಸ್ನಾನ ಮಾಡ್ತಿದ್ರು."

ಭಾವ ಚಪ್ಪಲಿ ಬಿಚ್ಚಿ ಗೋಡೆಗೆ ಒರಗಿ ಕೂತ. ಎಲ್ಲ ಹೇಳಿದ, ಏನೂ ಮುಚ್ಚಿಡಲಿಲ್ಲ. ಕೊನೆಗೆ, "ನಾನು ಬಾಯಿ ಬಿಟ್ಟಿದ್ರೆ ಏನಾಗ್ತಿತ್ತು ಹೇಳು? ಈಗ ಒಬ್ಬ ಮನೇಲಿ ಕೂರ್ತಾನೆ. ಆಗ ಇಬ್ರು ಕೂರ್ತಿದ್ವಿ. ಕೂರೋಕೆ ಜಾಗಾನೂ ಇಲ್ಲ ಇಲ್ಲಿ" ಎಂದ.

"ಅವನು ಅಮ್ಮನ್ನ ಎತ್ತಿದಾಗಲೂ ಜಾಗ ಅಳೀತಿದ್ರಾ?" ಅಕ್ಕನ ದನಿ ಏರಲಿಲ್ಲ, ಅದೇ ಭಯ ಹುಟ್ಟಿಸುವಂತಿತ್ತು. "ಅವಳು ಬರೀ ಇವನಿಗೆ ಅಮ್ಮ ಅಲ್ಲ ಕಣ್ರೀ. ನನಗೂ ಅಮ್ಮನೇ. ನಿಮಗೂ ಮೂರು ವರ್ಷ ಬಡಿಸಿದಾಳೆ."

ಭಾವ ತನ್ನ ಅಂಗೈ ನೋಡಿಕೊಂಡ. "ಮಧ್ಯಾಹ್ನ ಒಂದು ಕಾಲರ್ ಸುಟ್ಟೆ" ಎಂದ. ಹದಿನೈದು ವರ್ಷದಲ್ಲಿ ಅವನು ಒಂದು ಕರ್ಚೀಫನ್ನೂ ಸುಟ್ಟವನಲ್ಲ. ಕತ್ತರಿಗೆ ಅವನ ಮೇಲಿನ ಸಿಟ್ಟು ಅರ್ಧ ಇಳಿಯಿತು. ಅದು ಇಳಿದದ್ದಕ್ಕೇ ಇನ್ನಷ್ಟು ಸಿಟ್ಟು ಬಂತು.

ಅವನು ಜೇಬಿನಿಂದ ಚೀಟಿ ತೆಗೆದು ಅಕ್ಕನ ಕೈಗೆ ಕೊಟ್ಟ. ಅಕ್ಕ ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗತೊಡಗಿದಳು. "‘ಹಾಸಿದವರು: ನಾನೇ’! ಅಯ್ಯೋ ನಿನ್ನ! ಕಳ್ಳತನ ಮಾಡಿ ವಿಳಾಸ ಬರೆದಿಟ್ಟು ಹೋಗೋನು ಇವನು! ಇಂಥ ದಡ್ಡರು ಎಲ್ಲರಿಗೂ ಸಿಗಲ್ಲ, ಜೋಪಾನವಾಗಿಡೋ. ದೂರು ಕೊಡೋಕೆ ಕಾರ್ಮಿಕರ ಕಚೇರಿ ಸಂಜೆ ಐದರವರೆಗೂ ತೆಗೆದಿರುತ್ತೆ."

"ಮತ್ತೆ ಭಾವನ ಕೆಲಸ?"

ಪರದೆಯ ಆಚೆ ಹಾಲು ಉಕ್ಕಿ ಒಲೆಗೆ ಸುರಿಯಿತು. ಅಕ್ಕ ತನ್ನ ಸಿಟ್ಟನ್ನೆಲ್ಲ ಹಾಲಿನ ಮೇಲೆ ತೀರಿಸಿಕೊಂಡಳು.

ಮಾರನೆಯ ದಿನ ಕತ್ತರಿ ಹೋಗುವಷ್ಟರಲ್ಲಿ ಮಾಲೀಕ ಬೆವರು ಒರೆಸಿಕೊಳ್ಳುತ್ತಾ ಮೇಜಿನ ಪಕ್ಕ ನಿಂತಿದ್ದ. ಟೋಪಿಗೆಂದು ಇಟ್ಟಿದ್ದ ಬಟ್ಟೆಯನ್ನೆಲ್ಲ ತಾನೇ ಹಾಸಿಬಿಟ್ಟಿದ್ದ. ಮೂವತ್ತು ಪದರ. ಇದರಿಂದ ನೂರ ಇಪ್ಪತ್ತು ಬಲತೋಳು ಬರಬೇಕು. ಊರಲ್ಲಿ ಆ ಬಟ್ಟೆ ಇನ್ನೊಂದು ಗೇಣೂ ಇರಲಿಲ್ಲ. ನಾಲ್ಕಕ್ಕೆ ವ್ಯಾನು.

"ಈ ಸಲ ಸರಿಯಾಗಿ ಉಲ್ಟಾ ಹಾಸಿದೀನಿ. ಮೊದ್ಲು ಕತ್ತರಿಸು, ಆಮೇಲೆ ಸೈನ್ ಹಾಕು" ಎಂದ ಮಾಲೀಕ. ನೇಣು ಹಾಕುವವನು ‘ಸ್ವಲ್ಪ ಹಗ್ಗ ಹೊಸೆದು ಕೊಡಪ್ಪ’ ಎಂದ ಹಾಗೆ.

ಕತ್ತರಿ ಈ ಸಲ ಬಗ್ಗಿದ. ಅಂಚಿನ ಮೇಲೆ ಹೆಬ್ಬೆರಳು ಓಡಿಸಿದ. ನುಣುಪು, ನುಣುಪು, ನುಣುಪು. ಮೂವತ್ತೂ ನುಣುಪು ಮೇಲೆ. ಮಾಲೀಕ ಉಲ್ಟಾ ಮಾಡಿದ್ದೇನೆಂದರೆ, ಸೋಮವಾರ ಮೇಜಿನ ಬಲಗಡೆಯಿಂದ ಹಾಸಿದ್ದನ್ನು ಇವತ್ತು ಎಡಗಡೆಯಿಂದ ಹಾಸಿದ್ದ.

ಕತ್ತರಿ ನೆಟ್ಟಗೆ ನಿಂತ. ಯಂತ್ರದ ಹಿಡಿ ಕೈಯಲ್ಲಿತ್ತು. ಗೆರೆಯ ಮೇಲೆ ಹೇಳಿದ ಹಾಗೇ ಕತ್ತರಿಸಿದರೆ ಇನ್ನೂ ನೂರ ಇಪ್ಪತ್ತು ಎಡತೋಳು. ಮಾಲೀಕ ತಲೆ ಮೇಲೆ ಎಡತೋಳು ಹೊದ್ದುಕೊಂಡು ಕೂರಬೇಕು. ಆ ಚಿತ್ರ ಎಷ್ಟು ಚೆನ್ನಾಗಿತ್ತೆಂದರೆ ಕತ್ತರಿಗೆ ಬಾಯಲ್ಲಿ ನೀರೂರಿತು. ಒಂದು ಮಾತು ಬೇಡ, ಒಂದು ಬೈಗುಳ ಬೇಡ; ಹೇಳಿದ ಕೆಲಸ ಮಾಡಿದರೆ ಸಾಕು.

ಅಷ್ಟರಲ್ಲಿ ಕಾಲರ್ ಅಕ್ಕ ಕೆಮ್ಮಿದಳು. ಅವಳಿಗೆ ಗೊತ್ತಾಗಿತ್ತು, ಇಪ್ಪತ್ತು ವರ್ಷದ ಕಣ್ಣು. ಹನ್ನೆರಡು ಜೋಡಿ ಕಣ್ಣು ಅವನ ಕೈಯನ್ನೇ ನೋಡುತ್ತಿದ್ದವು. ನಿನ್ನೆ ದಾರ ಪೋಣಿಸುತ್ತಾ ಕೂತವರಿಗೆ ಇವತ್ತು ಕೇಳುವ ಮುಖವಿರಲಿಲ್ಲ.

‘ಥೂ’ ಎಂದುಕೊಂಡ ಕತ್ತರಿ. ರಟ್ಟಿನ ಅಚ್ಚು ಎತ್ತಿದ. ಅದನ್ನು ಬೋರಲು ಮಗುಚಿ ಹಾಕಿದ. ಹಾಸು ತಿರುಗದಿದ್ದರೇನು, ಅಚ್ಚು ತಿರುಗಿದರಾಯಿತು. ಈಗ ಪ್ರತಿ ಪದರವೂ ಬಲತೋಳು. ಸೀಮೆಸುಣ್ಣ ಹಿಡಿದು ಗೆರೆ ಎಳೆಯತೊಡಗಿದ.

"ಏ! ಏ! ಅಚ್ಚು ಬೋರಲು ಬಿದ್ದಿದೆಯಲ್ಲೋ!" ಮಾಲೀಕ ಹೌಹಾರಿದ. "ಕಂಪನಿ ಸೀಲು ಮೇಲೆ ಬರ್ಬೇಕು! ಸೀಲು ಕಾಣ್ತಿಲ್ಲ! ಮತ್ತೆ ಎಡ ಮಾಡ್ತಿದೀಯ, ನನ್ನ ಮುಳುಗಿಸ್ತಿದೀಯ!"

ಕತ್ತರಿ ಯಂತ್ರ ಶುರು ಮಾಡಿದ. ಆ ಸದ್ದಿನಲ್ಲಿ ಮಾಲೀಕನ ಬಾಯಿ ಮೀನಿನ ಬಾಯಿಯಂತೆ ತೆರೆದು ಮುಚ್ಚುವುದು ಮಾತ್ರ ಕಂಡಿತು. ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಅವನು ಮೇಲಿನ ಒಂದು ತೋಳು ತೆಗೆದು, ನಿನ್ನೆ ತನ್ನ ಮುಖಕ್ಕೆ ಬಿದ್ದಿದ್ದ ಎಡತೋಳನ್ನು ಅದರ ಪಕ್ಕದಲ್ಲಿಟ್ಟ. ಎಡ, ಬಲ. ಒಂದು ಜೊತೆ ಚಪ್ಪಲಿಯಷ್ಟು ಸ್ಪಷ್ಟ.

ಯಾರೋ ಕಿಸಕ್ಕೆಂದು ನಕ್ಕರು.

"ಟೋಪಿಗೆ ಬಟ್ಟೆ ಸಾಲಲ್ಲ ಅನ್ಬೇಡಿ ಸಾರ್" ಎಂದಳು ಕಾಲರ್ ಅಕ್ಕ. "ನೂರ ಇಪ್ಪತ್ತು ಎಡತೋಳು ಮಿಕ್ಕಿವೆ. ಅದ್ರಲ್ಲೇ ಟೋಪಿ ಹೊಲ್ದು ಕೊಡ್ತೀವಿ. ತೋಳಲ್ಲಿ ಇರ್ಬೇಕಾದ್ದು ತಲೇಲಿ ಇರುತ್ತೆ, ಏನೀಗ? ಇಲ್ಲಿ ಮೊದ್ಲಿಂದ್ಲೂ ಹಂಗೇ ಅಲ್ವಾ ನಡೀತಿರೋದು."

ಈಗ ಎಲ್ಲರೂ ನಕ್ಕರು. ಮಾಲೀಕನ ಕಿವಿ ಕೆಂಪಾಯಿತು. ಅವನು ಒಳಗಿನಿಂದ ಆ ಕಾಗದ ತಂದು ಮೇಜಿನ ಮೇಲೆ ಬಡಿದ. "ನಗು ಸಾಕು! ಹಾಳು ಮಾಡಿದವನೇ ಸರಿ ಮಾಡಿದ, ಅದ್ರಲ್ಲೇನು ದೊಡ್ಡಸ್ತಿಕೆ? ಸೈನ್ ಹಾಕು."

"ಹಾಸಿದ್ದು ನೀವು ಸಾರ್."

ದನಿ ಇಸ್ತ್ರಿ ಮೇಜಿನ ಕಡೆಯಿಂದ ಬಂದಿತ್ತು. ಭಾವ ಆವಿಯ ಗುಂಡಿಯಿಂದ ಕೈ ತೆಗೆದು ಎರಡೂ ಕೈ ಕೆಳಗಿಳಿಸಿ ನಿಂತಿದ್ದ. ಮುಖ ಪೂರ್ತಿ ಕಾಣುತ್ತಿತ್ತು, ಬೆವರಿತ್ತು.

"ಸೋಮವಾರನೂ ನೀವೇ, ಇವತ್ತೂ ನೀವೇ" ಎಂದ. ಒಂದು ಹೆಜ್ಜೆ ಮುಂದೆ ಬಂದು, "ಇವನಮ್ಮ ನನಗೆ ಅತ್ತೆ. ಅದನ್ನೂ ನಿನ್ನೆನೇ ಹೇಳ್ಬೇಕಿತ್ತು" ಎಂದ.

"ಹೌದು ಸಾರ್, ನಾವೂ ನೋಡಿದೀವಿ" ಎಂದಳು ಕಾಲರ್ ಅಕ್ಕ. "ಹೌದು" ಎಂದಿತು ಇನ್ನೊಂದು ಯಂತ್ರ. "ಹೂಂ" ಎಂದಿತು ಮತ್ತೊಂದು.

ಮಾಲೀಕ ಒಬ್ಬೊಬ್ಬರ ಮುಖವನ್ನೂ ನೋಡಿದ. ಎಲ್ಲರನ್ನೂ ತೆಗೆದರೆ ನಾಲ್ಕರ ವ್ಯಾನಿಗೆ ತುಂಬುವುದು ಏನನ್ನು? ಆ ಲೆಕ್ಕ ಅವನ ಹಣೆಯ ಮೇಲೆ ಓಡುವುದು ಎಲ್ಲರಿಗೂ ಕಂಡಿತು. ಕತ್ತರಿ ಯಂತ್ರದ ತಂತಿ ಕಿತ್ತು, ಸುತ್ತಿ, ಯಂತ್ರವನ್ನು ಒರೆಸಿ ಮುಚ್ಚಿಟ್ಟ. ಗೋಡೆಯ ಮೊಳೆಯಿಂದ ಊಟದ ಚೀಲ ತೆಗೆದುಕೊಂಡ. ಡಬ್ಬಿಯ ಮುಚ್ಚಳಕ್ಕೆ ಅಕ್ಕ ಆ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಕಳಿಸಿದ್ದಳು. ರುಜು, ಅದರ ಕೆಳಗಿನ ಎರಡು ಗೆರೆ, ಎಲ್ಲ ಹೊರಗೇ ಕಾಣುತ್ತಿತ್ತು. ಮಾಲೀಕನಿಗೂ ಕಂಡಿತು.

"ಏ, ಅದೇನದು? ಕೊಡಿಲ್ಲಿ" ಎಂದ. ದನಿ ಒಮ್ಮೆಲೇ ಮೆತ್ತಗಾಯಿತು. "ನೋಡಪ್ಪ, ಸಿಟ್ಟಲ್ಲಿ ಒಂದು ಮಾತು ಬಂತು. ಕಾಗದ ಹರಿದು ಹಾಕ್ತೀನಿ, ಆಯ್ತಾ? ಎಲ್ಲಿಗೆ ಹೊರಟೆ? ನಾಳೆ ಬರ್ತೀಯ ತಾನೆ? ಮುಂದಿನ ಆರ್ಡರಿಗೆ ಕತ್ತರಿಸೋರು ಯಾರೋ?"

ಗಡಿಯಾರದಲ್ಲಿ ಹನ್ನೆರಡೂವರೆ. ಕಾರ್ಮಿಕರ ಕಚೇರಿ ಐದರವರೆಗೂ ತೆಗೆದಿರುತ್ತದೆ. ಕತ್ತರಿ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು, ಪ್ಲಾಸ್ಟಿಕ್ ಹೊದ್ದ ಯಂತ್ರಗಳ ಸಾಲು ದಾಟಿ, ಬಾಗಿಲಿನ ಕಡೆ ನಡೆದ.

"ಏನಾದ್ರೂ ಹೇಳಿ ಹೋಗೋ!" ಎಂದು ಹಿಂದಿನಿಂದ ಮಾಲೀಕ ಕೂಗಿದ.

ಕತ್ತರಿ ಬಿಸಿಲಿಗೆ ಇಳಿದ.