ದೊಡ್ಡಮ್ಮನ ಕಾಲು

ಪುನೀತ ಎಂ.ಡಿ. ಮುಗಿಸುವ ಹೊತ್ತಿಗೆ ಅವನಪ್ಪ ಮುನಿಯಲ್ಲಪ್ಪ ಕೊಡಿಗೇಹಳ್ಳಿಯ ಮನೆಯ ಕೆಳಗಿನ ಮಳಿಗೆಗೆ ಟೈಲ್ಸ್ ಹಾಕಿಸಿ, ಕೈ ತೊಳೆಯಲು ಬೇಸಿನ್ ಕೂರಿಸಿ, ಮಗನ ಕ್ಲಿನಿಕ್ಕಿಗೆ ತೋರಣ ಕಟ್ಟುವುದೊಂದನ್ನೇ ಬಾಕಿ ಉಳಿಸಿಕೊಂಡಿದ್ದ. ನೋಡಿದ್ದೇ ಪುನೀತನ ಮೈ ಉರಿಯಿತು. ಈ ಬೀದಿಯಲ್ಲಿ ಪ್ರಾಕ್ಟೀಸೇ? ಅವನು ಚಡ್ಡಿಯಿಲ್ಲದೆ ಓಡಾಡಿದ್ದನ್ನು ಕಂಡವರೇ ಇಲ್ಲಿ ತುಂಬಿದ್ದಾರೆ. ಇವರ ಬಾಯಲ್ಲಿ ಡಾಕ್ಟರ್ ಅನ್ನಿಸಿಕೊಳ್ಳುವುದು ಈ ಜನ್ಮದಲ್ಲಿ ಆಗದ ಮಾತು. 'ಲೋ ಪುನೀತ' ಎನ್ನುತ್ತ, ಹಾಲು ಕರೆದ ಕೈಯಲ್ಲೇ ಬಂದು ನಾಲಗೆ ಚಾಚುತ್ತಾರೆ.

ಅವನ ಲೆಕ್ಕಾಚಾರ ಸುಳ್ಳಾಗದಂತೆ ನೋಡಿಕೊಂಡವಳು ದೊಡ್ಡಮ್ಮ ಮುನಿಕೆಂಪಮ್ಮ. ತಂಗಿಯ ಆರತಕ್ಷತೆಯ ದಿನ ಪುನೀತ ಕಾಲೇಜಿನ ಗೆಳೆಯರ ನಡುವೆ ಕೋಟು ತೊಟ್ಟು ಕೂತಿದ್ದಾಗ, ಎದುರಿಗೆ ಕುರ್ಚಿ ಎಳೆದುಕೊಂಡು ಪಾದವನ್ನು ಅವನ ತೊಡೆಯ ಮೇಲೇ ಇಟ್ಟಳು.

"ಸಕ್ರೆ ಕಾಯ್ಲೆ ಕಣಪ್ಪ, ಗಾಯ ಮಾಯ್ತಾನೇ ಇಲ್ಲ. ವಸಿ ನೋಡು."

ಗೆಳೆಯರು ಕಿಸಕ್ಕೆಂದರು. ಅಮ್ಮ ಟೈಫಾಯ್ಡಿನಿಂದ ಮಲಗಿದ್ದಾಗ ಪುನೀತನನ್ನು ಸೊಂಟದಿಂದ ಇಳಿಸದೆ ಸಾಕಿದ್ದು ಇದೇ ದೊಡ್ಡಮ್ಮ. ಮಾತು ಬಂದಾಗಿನಿಂದ ಅವಳನ್ನು ನೀನು ಎನ್ನುತ್ತಿದ್ದ ಮಹಾರಾಯ ಅಂದು ಬಹುವಚನ ಹಚ್ಚಿದ.

"ಇಲ್ಲೆಲ್ಲ ನೋಡಕ್ಕಾಗಲ್ಲ. ಕಾಲು ತೆಗೀರಿ, ಪ್ಯಾಂಟ್ ಕೊಳೆ ಆಗುತ್ತೆ."

ಮುನಿಕೆಂಪಮ್ಮ ಕಾಲು ತೆಗೆದು ಸೀರೆಯಿಂದ ಮುಚ್ಚಿಕೊಂಡಳು. ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿ ಎದ್ದು ಹೋದಳು.

ಪುನೀತ ಕೆಂಪಾಪುರದ ಹೊಸ ಆಸ್ಪತ್ರೆ ಸೇರಿದ. ಗಾಜಿನ ಗೋಡೆ, ಏಸಿ, ಹೋದಲ್ಲಿ ಬಂದಲ್ಲಿ ಗುಡ್ ಮಾರ್ನಿಂಗ್ ಸರ್. ತನ್ನ ಓದಿಗೆ ಸಿಕ್ಕ ಬೆಲೆಯಿದು ಎಂದು ಬೀಗಿದ. ಖಾಲಿ ಬಿದ್ದ ಮಳಿಗೆಯನ್ನು ಕಲಬುರಗಿ ಕಡೆಯಿಂದ ಬಂದ ಶಿವಶರಣಪ್ಪ ಎಂಬ ಎಳೆಯ ಡಾಕ್ಟರು ಬಾಡಿಗೆಗೆ ಕೇಳುತ್ತಿದ್ದಾರೆ ಎಂದು ಅಪ್ಪ ಹೇಳಿದಾಗ ನಕ್ಕುಬಿಟ್ಟ.

"ಕೊಟ್ಬಿಡಪ್ಪ. ಎಲ್ಲೂ ಗತಿಯಿಲ್ದವ್ರಿಗೆ ಸರಿಯಾದ ಜಾಗ ಅದು."

ವರ್ಷ ತುಂಬುತ್ತ ಬಂದಾಗ ಆಸ್ಪತ್ರೆಯ ಮ್ಯಾನೇಜರ್ ರಘುನಾಥ್ ಅವನನ್ನು ಕೋಣೆಗೆ ಕರೆಸಿಕೊಂಡ.

"ಏನ್ ಡಾಕ್ಟ್ರೇ, ನಿಮ್ಮ ಕಡೆಯಿಂದ ಪೇಷೆಂಟೇ ಬರ್ತಿಲ್ವಲ್ಲ?"

"ನಮ್ಮ ಕಡೆ ಅಂದ್ರೆ?"

"ಕೊಡಿಗೇಹಳ್ಳಿ ಸರ್! ಮೂಲ ಊರವರು, ಸುತ್ತ ಹಳ್ಳಿಗಳಲ್ಲೆಲ್ಲ ನೆಂಟರು. ನಿಮ್ಮನ್ನ ತಗೊಂಡಿದ್ದೇ ಅದಕ್ಕೆ ಕಣ್ರೀ. ಬರೀ ಓದು ನೋಡೋದಾದ್ರೆ ನಿಮಗಿಂತ ಚೆನ್ನಾಗಿ ಓದಿದವ್ರು ಬಂದಿದ್ರು. ಭಾನುವಾರ ನಿಮ್ಮೂರಲ್ಲಿ ಒಂದು ಫ್ರೀ ಕ್ಯಾಂಪ್ ಮಾಡಿ. ಜನ ಬರ್ಲಿಲ್ಲಾಂದ್ರೆ ನಿಮ್ಮನ್ನ ಮುಂದುವರ್ಸೋದು ಕಷ್ಟ."

ಭಾನುವಾರ ಪುನೀತ ತನ್ನದೇ ಬೀದಿಯಲ್ಲಿ, ತನ್ನದೇ ಮಳಿಗೆಯ ಎದುರು ಶಾಮಿಯಾನದಡಿ ಕೂತ. ಬ್ಯಾನರಿನಲ್ಲಿ ಅವನ ಫೋಟೋ ಹಲ್ಲು ಕಿರಿಯುತ್ತಿತ್ತು. ಆಚೆ ಬದಿಯಲ್ಲಿ ಶಿವಶರಣಪ್ಪನ ಬೆಂಚು ತುಂಬಿ ಜನ ಮೆಟ್ಟಿಲ ಮೇಲೂ ಕೂತಿದ್ದರು. ಈಚೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಮುನಿಯಲ್ಲಪ್ಪನಿಗೆ ನೋಡಲಾಗಲಿಲ್ಲ. ಪಂಚೆ ಎತ್ತಿ ಕಟ್ಟಿ ಮನೆಮನೆಗೆ ಹೋಗಿ ಕೈಮುಗಿದು ಬಂದ.

ಮೊದಲು ಬಂದವಳು ಮುನಿಕೆಂಪಮ್ಮ. ಕುಂಟದೆ ನಡೆದು ಬಂದಳು.

"ಬರ್ಕಳಪ್ಪ ನನ್ನೆಸ್ರು."

ಪುನೀತ ಕುರ್ಚಿ ಬಿಟ್ಟು ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಬಿಳಿ ಕೋಟಿನ ಅಂಚು ಮಣ್ಣಿಗೆ ತಾಗಿತು.

"ಕಾಲು ತೋರ್ಸು ದೊಡ್ಡಮ್ಮ."

ಅವಳು ಸೀರೆ ಇಳಿಬಿಟ್ಟು ಪಾದವನ್ನು ಕುರ್ಚಿಯಡಿಗೆ ಎಳೆದುಕೊಂಡಳು.

"ಅದನ್ನ ನಮ್ ಡಾಕ್ಟ್ರು ನೋಡ್ಕಂಡವ್ರೆ," ಎಂದು ಆಚೆ ಬದಿಯನ್ನು ಗದ್ದದಲ್ಲೇ ತೋರಿಸಿದಳು. "ನೀನು ಎಸ್ರು ಬರ್ಕೊ ಮಗಾ. ನಿನ್ ಕೆಲ್ಸ ಉಳೀಲಿ."

ಪುನೀತ ಎದ್ದು ಹೆಸರು ಬರೆದುಕೊಂಡ. ಅವಳ ಹಿಂದೆ ಇನ್ನೂ ನಾಲ್ಕೈದು ಮಂದಿ ನಿಂತಿದ್ದರು. ಎಲ್ಲರೂ ನೆಂಟರೇ. ಒಬ್ಬರಿಗೂ ಕಾಯಿಲೆ ಇರಲಿಲ್ಲ.